ಮಂಗಳಕ್ಕೆ ಹೋದ ಮರದ ಗೊಂಬೆ, ಭೂಮಿಯಲ್ಲೇ ಉಳಿದ ಕೋಟು

(ಕೋಲಾರ ಜಿಲ್ಲೆಯ ಬಂಗಾರಪೇಟೆಯಲ್ಲಿ ಮಕ್ಕಳ ಬೇಸಿಗೆ ಶಿಬಿರದ ಕೊನೆಯ ಸಂಜೆ, ನಾಟಕಕ್ಕೆ ಮುಂಚೆ ಪೋಷಕರ ಎದುರು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಎರಡು ಕಡೆ ಕೊಂಚ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವುದು ಅರ್ಧ ಗಂಟೆ. ಪರದೆಯ ಹಿಂದೆ ನಿಮ್ಮ ಮಕ್ಕಳು ಬಣ್ಣ ಬಳಿದುಕೊಂಡು ಕೂತಿದ್ದಾರೆ. ಹುಲಿ ವೇಷದ ಹುಡುಗನ ಮೈಗೆ ಹಳದಿ ಹಚ್ಚಿ ಆಗಲೇ ಎರಡು ಗಂಟೆಯಾಯಿತು. ಹಾಗಾಗಿ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಮೊನ್ನೆ ಗೇಟಿನ ಹತ್ತಿರ ಒಬ್ಬ ತಾಯಿ ನನ್ನನ್ನು ನಿಲ್ಲಿಸಿಕೊಂಡರು. ಅವರು ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ, ಹೆಸರು ಹೇಳುವುದಿಲ್ಲ. ‘ಮೇಷ್ಟ್ರೇ, ಈಗ ಎಷ್ಟೊಂದು ಒಳ್ಳೊಳ್ಳೆ ಕಾರ್ಟೂನು ಇವೆ. ಅರವತ್ತು ವರ್ಷದ ಹಳೇದನ್ನ ಹುಡುಕಿ ತಂದು ಯಾಕೆ ತೋರಿಸಿದ್ರಿ? ನಮ್ಮೋನು ಮನೆಗೆ ಬಂದು ಆಕಾಶದಲ್ಲಿ ತಿಮಿಂಗಿಲ ಹಾರುತ್ತೆ ಅಂತಾನೆ. ಇದರಲ್ಲಿ ನೀತಿ ಏನಿದೆ?’ ಅಂದರು. ಅಲ್ಲೇ ನಿಂತು ಉತ್ತರ ಹೇಳಲು ನನಗೆ ತೋಚಲಿಲ್ಲ. ರಾತ್ರಿಯೆಲ್ಲ ಯೋಚಿಸಿದೆ. ಈ ಮಾತು ಅವರಿಗೆ ನಾನು ಕೊಡಬೇಕಾಗಿದ್ದ ಬಾಕಿ ಅಂದುಕೊಳ್ಳಿ.

ಮೊದಲು ಆ ದಿನ ಏನಾಯಿತು ಅಂತ ಹೇಳುತ್ತೇನೆ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ತಂದ ಪ್ರೊಜೆಕ್ಟರ್ ಇಟ್ಟು, ಕಿಟಕಿಗೆಲ್ಲ ಗೋಣಿಚೀಲ ಮುಚ್ಚಿ ಸಿನಿಮಾ ಹಾಕಿದೆವು. ಸಿನಿಮಾ ಇಂಗ್ಲಿಷಿನದು, ಮರದ ಗೊಂಬೆ ಪಿನೋಕಿಯೊ ಅಂತರಿಕ್ಷಕ್ಕೆ ಹೋಗುವ ಕಾರ್ಟೂನು. ಕನ್ನಡದ ಮಾತು ಅದಕ್ಕಿಲ್ಲ, ಹಾಗಾಗಿ ಪಕ್ಕದಲ್ಲಿ ನಿಂತು ನಾನೇ ಎಲ್ಲರ ಮಾತನ್ನೂ ಆಡಿದೆ. ಗೊಂಬೆಗೆ ಸಣ್ಣ ದನಿ, ಆಮೆಗೆ ಮೂಗಿನ ದನಿ. ತಿಮಿಂಗಿಲಕ್ಕೆ ಮಾತಿಲ್ಲ, ಪುಣ್ಯ. ಐವತ್ತು ನಿಮಿಷ ಕಳೆಯುವಷ್ಟರಲ್ಲಿ ಗಂಟಲು ಬಿದ್ದುಹೋಗಿತ್ತು. ಆ ತಿಮಿಂಗಿಲ ಬಾಯಿ ತೆರೆದುಕೊಂಡು ನೇರ ನಮ್ಮ ಮೇಲೇ ಬರುತ್ತಿದೆ ಅನ್ನುವಾಗ ಕರೆಂಟು ಹೋಯಿತು.

ನಲವತ್ತು ಮಕ್ಕಳು. ಕಗ್ಗತ್ತಲೆ. ಒಂದು ಕ್ಷಣ ಯಾರೂ ಉಸಿರಾಡಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ ಒಂದು ದನಿ: ‘ಸಾರ್, ನುಂಗಿಬಿಡ್ತಾ?’

ಹೌದಪ್ಪ, ನುಂಗಿಬಿಡ್ತು, ಈಗ ನಾವೆಲ್ಲ ಹೊಟ್ಟೆಯೊಳಗೇ ಇದ್ದೀವಿ, ಅಂದೆ. ಮೇಷ್ಟ್ರುಗಿರಿ ಮಾಡಿ ಮೂವತ್ತೆರಡು ವರ್ಷವಾಯಿತು, ಮಕ್ಕಳು ಅಷ್ಟು ಮೌನವಾಗಿ ಕೂತಿದ್ದನ್ನು ನಾನು ನೋಡಿರಲಿಲ್ಲ. ನೋಡಿರಲಿಲ್ಲ ಏನು, ಆಗಲೂ ನೋಡಲಿಲ್ಲ, ಕತ್ತಲೆ! ಮೊಬೈಲಿನ ಟಾರ್ಚು ಹಾಕಿ ಅದರ ಮೇಲೆ ಹಸಿರು ನೀರಿನ ಬಾಟಲಿ ಇಟ್ಟೆ. ಹಸಿರು ಬೆಳಕು ಸೂರಿಗೆಲ್ಲ ಹರಡಿ ಅಲೆಅಲೆಯಾಗಿ ಅಲ್ಲಾಡಿತು. ಇದನ್ನು ನಾನು ಆಗ ಹೊಳೆದು ಮಾಡಿದ್ದಲ್ಲ, ಕತೆಯಲ್ಲೇ ಇರುವುದು. ಮೂಲ ಕತೆಯಲ್ಲಿ ಮೀನಿನ ಹೊಟ್ಟೆಯೊಳಗೆ ಆ ಗೊಂಬೆಯ ಅಪ್ಪ ಎರಡು ವರ್ಷದಿಂದ ಕೂತಿರುತ್ತಾನೆ. ಅವನ ಮೇಜಿನ ಮೇಲೆ ಒಂದು ಹಸಿರು ಬಾಟಲಿ, ಅದರ ಬಾಯಿಗೆ ಸಿಕ್ಕಿಸಿದ ಒಂದು ಮೇಣದಬತ್ತಿ. ಅವನ ಹತ್ತಿರ ಉಳಿದಿದ್ದ ಕೊನೆಯ ಬತ್ತಿ ಅದು.

ಕರೆಂಟು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಮೂಲ ಕತೆ ಹೇಳಿದೆ. ಪಿನೋಕಿಯೊ ಅಂದರೆ ಮರದ ಗೊಂಬೆ, ಸುಳ್ಳು ಹೇಳಿದರೆ ಮೂಗು ಬೆಳೆಯುತ್ತೆ, ಇಷ್ಟು ನಮಗೆಲ್ಲ ಗೊತ್ತು. ಈ ಕತೆ ಬರೆದವನು ಇಟಲಿಯ ಫ್ಲಾರೆನ್ಸಿನ ಕಾರ್ಲೊ ಕೊಲ್ಲೋಡಿ. ಮಕ್ಕಳ ವಾರಪತ್ರಿಕೆಯೊಂದರಲ್ಲಿ 1881ರಿಂದ ಧಾರಾವಾಹಿಯಾಗಿ ಬಂದು 1883ರಲ್ಲಿ ಪುಸ್ತಕವಾಯಿತು. ನಾವು ಸಿನಿಮಾಗಳಲ್ಲಿ ಕಂಡಿರುವ ಮುದ್ದು ಗೊಂಬೆ ಅದರಲ್ಲಿ ಇಲ್ಲ. ಅಲ್ಲಿರುವುದು ಹಸಿವು. ಅಪ್ಪ ಜೆಪ್ಪೆಟ್ಟೊನ ಮನೆಯಲ್ಲಿ ಒಲೆ ಉರಿಯುತ್ತಿದೆ, ಮೇಲೆ ಪಾತ್ರೆ ಕುದಿಯುತ್ತಿದೆ, ಹೋಗಿ ಮುಟ್ಟಿದರೆ ಅದು ಗೋಡೆಯ ಮೇಲೆ ಬರೆದ ಚಿತ್ರ. ನಿಜವಾದ ಒಲೆ ಇಲ್ಲ. ಕೊಲ್ಲೋಡಿ ಹದಿನೈದನೇ ಅಧ್ಯಾಯಕ್ಕೆ ಗೊಂಬೆಯನ್ನು ಮರಕ್ಕೆ ನೇಣು ಹಾಕಿಸಿ ಕತೆ ಮುಗಿಸಿಯೇಬಿಟ್ಟಿದ್ದ. ಓದುತ್ತಿದ್ದ ಮಕ್ಕಳು ಬಿಡಲಿಲ್ಲ, ಕೆಲವು ತಿಂಗಳು ಬಿಟ್ಟು ಮತ್ತೆ ಎಬ್ಬಿಸಬೇಕಾಯಿತು.

ಅದರಲ್ಲಿ ಒಂದು ಜಾಗ ಇದೆ. ಗೊಂಬೆ ಶಾಲೆಗೆ ಹೋಗಬೇಕು, ಅಕ್ಷರಮಾಲೆ ಪುಸ್ತಕ ಬೇಕು, ಅಪ್ಪನ ಹತ್ತಿರ ಕಾಸಿಲ್ಲ. ಅಪ್ಪ ತೇಪೆ ಹಾಕಿದ ಹಳೇ ಕೋಟು ತೊಟ್ಟುಕೊಂಡು ಹೊರಗೆ ಓಡುತ್ತಾನೆ. ವಾಪಸು ಬರುವಾಗ ಕೈಯಲ್ಲಿ ಪುಸ್ತಕ ಇದೆ, ಮೈಮೇಲೆ ಕೋಟು ಇಲ್ಲ. ಹೊರಗೆ ಹಿಮ ಬೀಳುತ್ತಿದೆ.

‘ಕೋಟು ಎಲ್ಲಪ್ಪಾ?’

‘ಮಾರಿದೆ.’

‘ಯಾಕೆ?’

‘ಸೆಕೆ ಆಗ್ತಿತ್ತು, ಅದಕ್ಕೆ.’

ಇಷ್ಟು ಹೇಳಿ ನಾನು ಮುಂದಕ್ಕೆ ಹೊರಟಿದ್ದೆ. ಕತ್ತಲೆಯಲ್ಲಿ ಒಬ್ಬ ಹುಡುಗ ತಡೆದ. ‘ಸಾರ್, ಅವರಪ್ಪ ಸುಳ್ಳು ಹೇಳ್ದ. ಅವನ ಮೂಗು ಯಾಕೆ ಬೆಳೀಲಿಲ್ಲ?’

ನೂರ ನಲವತ್ತು ವರ್ಷದಿಂದ ಜಗತ್ತೆಲ್ಲ ಓದಿದ ಕತೆ. ನಾನೂ ಮೂರು ಸಲ ಓದಿದ್ದೇನೆ. ಈ ಪ್ರಶ್ನೆ ನನ್ನ ತಲೆಗೆ ಬಂದಿರಲೇ ಇಲ್ಲ. ಏನು ಹೇಳಲಿ ಅಂತ ತಡಕಾಡುತ್ತಿರುವಾಗ ಕರೆಂಟು ಬಂತು. ಮಕ್ಕಳು ಹೋ ಅಂದರು, ಪಂಚೆಯ ಮೇಲೆ ತಿಮಿಂಗಿಲ ಮತ್ತೆ ಬಾಯಿ ತೆರೆಯಿತು, ನಾನು ಬಚಾವಾದೆ.

ಈಗ ಆ ಸಿನಿಮಾದ ಬಗ್ಗೆ. ಹೆಸರು ‘ಪಿನೋಕಿಯೊ ಇನ್ ಔಟರ್ ಸ್ಪೇಸ್’. 1965ರದು. ಬೆಲ್ಜಿಯಂನ ಬೆಲ್‌ವಿಷನ್ ಅನ್ನುವ ಸ್ಟುಡಿಯೊದವರು ಚಿತ್ರ ಬರೆದರು, ರೇ ಗೂಸೆನ್ಸ್ ನಿರ್ದೇಶಕ, ಹಿಂದೆ ಅಮೆರಿಕದ ನಿರ್ಮಾಪಕರು. ಮೂಲ ಕತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಇದು ಶುರು. ಹುಡುಗನಾಗಿದ್ದ ಪಿನೋಕಿಯೊ ಮಾತು ಕೇಳದೆ ಹಾಳಾಗಿ ಮತ್ತೆ ಗೊಂಬೆಯಾಗುತ್ತಾನೆ. ಪುನಃ ಹುಡುಗನಾಗಬೇಕಾದರೆ ಏನಾದರೂ ದೊಡ್ಡ ಕೆಲಸ ಮಾಡಬೇಕು. ಆಕಾಶದಲ್ಲಿ ಆಸ್ಟ್ರೊ ಅನ್ನುವ ಹಾರುವ ತಿಮಿಂಗಿಲ ರಾಕೆಟ್ಟುಗಳಿಗೆ ಕಾಟ ಕೊಡುತ್ತಿದೆ, ಅದನ್ನು ಹಿಡಿಯುತ್ತೇನೆ ಅಂತ ಹೊರಡುತ್ತಾನೆ. ಜೊತೆಗೆ ನರ್ಟಲ್ ಅನ್ನುವ ಬೇರೆ ಗ್ರಹದ ಆಮೆ. ಮಂಗಳಕ್ಕೆ ಹೋಗಬೇಕಾಗಿದ್ದವನು ದಾರಿ ತಪ್ಪಿ ಭೂಮಿಗೆ ಬಂದಿಳಿದಿರುತ್ತಾನೆ. ನಮ್ಮ ಮಕ್ಕಳು ಅವನಿಗೆ ಆಮೆಯಣ್ಣ ಅಂತ ಹೆಸರಿಟ್ಟರು. ದಾರಿ ತಪ್ಪಿ ಬಂದವನನ್ನು ನಮ್ಮೂರಲ್ಲಿ ಅಣ್ಣ ಅಂತಲೇ ಕರೆಯುವುದು, ಸರಿಯೇ. ಇಬ್ಬರೂ ಮಂಗಳಕ್ಕೆ ಹೋದರೆ ಅಲ್ಲಿ ಯಾರೂ ಇಲ್ಲದ ಪಾಳು ಪಟ್ಟಣ, ಮರಳಲ್ಲಿ ದೈತ್ಯ ಏಡಿಗಳು.

ಒಳ್ಳೆ ಸಿನಿಮಾನಾ ಅಂತ ಕೇಳಿದರೆ, ಮಧ್ಯಮ ಅನ್ನುತ್ತೇನೆ. ಬಣ್ಣ ಚೆನ್ನಾಗಿದೆ. ಹಾಡುಗಳು ಬಂದಾಗ ನಮ್ಮ ಮಕ್ಕಳು ನೀರು ಕುಡಿಯಲು ಎದ್ದುಹೋದರು. ಆದರೆ ಮಂಗಳದ ಪಟ್ಟಣ ಬಂದಾಗ ಯಾರೂ ಏಳಲಿಲ್ಲ. ಈ ಕಡೆಯ ಮಕ್ಕಳಿಗೆ ಪಾಳು ಪಟ್ಟಣ ಹೊಸದಲ್ಲ. ಇಲ್ಲಿಂದ ಕೆಜಿಎಫ್‌ಗೆ ರೈಲಲ್ಲಿ ಹೋಗಿ, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ತುಕ್ಕು ಹಿಡಿದು ನಿಂತಿರುವ ಶಾಫ್ಟುಗಳು, ಚಿನ್ನ ತೆಗೆದ ಮೇಲೆ ಉಳಿದ ಬೂದು ಬಣ್ಣದ ಸೈನೈಡ್ ದಿಬ್ಬಗಳು. ಒಬ್ಬಳು ಹುಡುಗಿ ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: ‘ನಮ್ಮ ಅಜ್ಜಿ ಮನೆ ಹತ್ರ ಹಿಂಗೇ ಐತೆ.’

ಇನ್ನೊಂದು ಮಾತು, ಇದು ನನ್ನ ಹಳೇ ಕೊರಗು. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಕೂಡದು ಅನ್ನುವ ಕಟ್ಟು ಇತ್ತಲ್ಲ, ಅದರ ಪರ ವಿರೋಧ ಎರಡೂ ನನಗೆ ಗೊತ್ತು. ಕಣ್ಣಾರೆ ಕಂಡಿದ್ದು ಮಾತ್ರ ಹೇಳುತ್ತೇನೆ. 2009ರಲ್ಲಿ ಕನ್ನಡದ ಮಕ್ಕಳ ಚಾನೆಲ್ಲು ಚಿಂಟು ಟಿವಿ ಬರುವ ತನಕ ನನ್ನ ಕ್ಲಾಸಿನ ಮಕ್ಕಳಿಗೆ ರಾಕೆಟ್ಟು, ರಾಕ್ಷಸ, ಅಂತರಿಕ್ಷ ಎಲ್ಲ ತೆಲುಗಿನಲ್ಲೇ ಮಾತಾಡುತ್ತಿದ್ದವು. ಕನ್ನಡ ಮಾತಾಡುತ್ತಿದ್ದದ್ದು ನಾನು ಮತ್ತು ಪರೀಕ್ಷೆಯ ಪೇಪರು. ಯಾರ ಪಾರ್ಟಿ ಹೆಚ್ಚು ಬಲವಾಗಿತ್ತು ಅಂತ ನೀವೇ ಹೇಳಿ. ಗಂಟಲು ಹರಿದುಕೊಂಡು ಆಮೆಯಣ್ಣನ ದನಿ ಮಾಡಿದ್ದಕ್ಕೆ ಇದೇ ಕಾರಣ.

1965 ಅಂದೆನಲ್ಲ, ಆ ವರ್ಷವನ್ನು ಸ್ವಲ್ಪ ಹಿಡಿದುಕೊಳ್ಳಿ. ಬೆಲ್ಜಿಯಂನಲ್ಲಿ ಚಿತ್ರಕಾರರು ಮಂಗಳಕ್ಕೆ ಬಣ್ಣ ಹಚ್ಚುತ್ತಿದ್ದ ಕಾಲಕ್ಕೇ ಅಮೆರಿಕದ ಮ್ಯಾರಿನರ್ 4 ನೌಕೆ ನಿಜವಾದ ಮಂಗಳದ ಹತ್ತಿರ ಹೋಯಿತು. 1965ರ ಜುಲೈ ಮಧ್ಯದಲ್ಲಿ, ಸುಮಾರು 9,800 ಕಿಲೋಮೀಟರ್ ದೂರದಿಂದ ಹಾದುಹೋಗುತ್ತಾ ಇಪ್ಪತ್ತೊಂದು ಚಿತ್ರ ತೆಗೆಯಿತು, ಇಪ್ಪತ್ತೆರಡನೆಯದು ಚೂರುಪಾರು. ಒಂದು ಚಿತ್ರ ಅಂದರೆ ಉದ್ದಕ್ಕೆ 200 ಚುಕ್ಕಿ, ಅಗಲಕ್ಕೆ 200 ಚುಕ್ಕಿ. ನಿಮ್ಮ ಮೊಬೈಲಿನಲ್ಲಿ ಬರುವ ಗುಡ್ ಮಾರ್ನಿಂಗ್ ಗುಲಾಬಿ ಹೂವೇ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಆ ಒಂದು ಚಿತ್ರ ಭೂಮಿಗೆ ಬಂದು ಮುಟ್ಟಲು ಎಂಟು ಗಂಟೆ ಹೊತ್ತು. ಚುಕ್ಕಿಗಳು ಬರುತ್ತಿದ್ದದ್ದು ಬರೀ ಅಂಕಿಗಳಾಗಿ. ಕಂಪ್ಯೂಟರು ಅದನ್ನು ಚಿತ್ರ ಮಾಡಿಕೊಡುವ ತನಕ ಅಲ್ಲಿನ ಎಂಜಿನಿಯರುಗಳಿಗೆ ತಡೆಯಲಾಗಲಿಲ್ಲ. ಅಂಕಿ ಅಚ್ಚಾದ ಕಾಗದದ ಪಟ್ಟಿಗಳನ್ನು ಗೋಡೆಯ ಮೇಲೆ ಸಾಲಾಗಿ ಜೋಡಿಸಿ, ಅಂಗಡಿಯಿಂದ ಬಣ್ಣದ ಕಡ್ಡಿ ತಂದು, ಈ ಅಂಕಿಗೆ ಕಂದು, ಈ ಅಂಕಿಗೆ ಹಳದಿ ಅಂತ ಕೈಯಲ್ಲೇ ಬಣ್ಣ ತುಂಬಿದರು. ಮಂಗಳದ ಹತ್ತಿರದಿಂದ ಮನುಷ್ಯ ಕಂಡ ಮೊದಲ ಚಿತ್ರಕ್ಕೆ ಬಣ್ಣ ಹಚ್ಚಿದ್ದು ಹೀಗೆ, ಒಂದನೇ ತರಗತಿ ಮಕ್ಕಳ ಹಾಗೆ.

ಅದರಲ್ಲಿ ಕಂಡಿದ್ದು ಗುಂಡಿಗಳು, ಚಂದ್ರನ ಮೇಲೆ ಇರುವಂಥವು. ಪಟ್ಟಣ ಇಲ್ಲ, ಏಡಿ ಇಲ್ಲ. ವರ್ಷದ ಕೊನೆಗೆ ಸಿನಿಮಾ ಥಿಯೇಟರಿಗೆ ಬರುವಷ್ಟರಲ್ಲಿ ಅದರ ಮಂಗಳ ಆಗಲೇ ಸುಳ್ಳಾಗಿತ್ತು. ಹಾಗಂತ ಸಿನಿಮಾದ ಮೂಗೇನೂ ಬೆಳೆಯಲಿಲ್ಲ.

ಅದೇ ವರ್ಷ ನಮ್ಮಲ್ಲೇ ಇನ್ನೊಂದು ನಡೆಯಿತು. ಇದನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ ವಿಜ್ಞಾನಿಗಳು ಉಪಕರಣ ಇಟ್ಟುಕೊಂಡು ಕೂತಿದ್ದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜೊತೆಗೆ ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು. ಎಂ.ಜಿ.ಕೆ. ಮೆನನ್ ಇದ್ದರು, ನಂಜನಗೂಡಿನಲ್ಲಿ ಹುಟ್ಟಿದ ನಮ್ಮ ಬಿ.ವಿ. ಶ್ರೀಕಂಠನ್ ಇದ್ದರು. ಆಕಾಶದಿಂದ ವಿಶ್ವಕಿರಣಗಳು ಸದಾ ಸುರಿಯುತ್ತಿರುತ್ತವೆ. ಕೆಳಗೆ ಇಳಿದಂತೆಲ್ಲ ಬಂಡೆ ಅವನ್ನು ತಡೆದುಬಿಡುತ್ತದೆ. ಅಷ್ಟು ಆಳಕ್ಕೆ ಮೇಲಿನಿಂದ ನೆಟ್ಟಗೆ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು. ಆದರೆ ಅಡ್ಡಡ್ಡ ಏನಾದರೂ ಹಾದುಹೋದರೆ? ಅಡ್ಡಡ್ಡ ಅಂದರೆ ಎಷ್ಟೋ ಕಿಲೋಮೀಟರ್ ಬಂಡೆ ದಾಟಿ ಬಂದಿರಬೇಕು. ನ್ಯೂಟ್ರಿನೊ ಅಂತ ಒಂದು ಅತಿ ಸಣ್ಣ ಕಣ ಇದೆ, ಹೆಚ್ಚುಕಡಿಮೆ ಯಾವುದಕ್ಕೂ ತಗುಲದೆ ಎಲ್ಲದರೊಳಗೂ ಹಾದುಹೋಗುತ್ತದೆ. ಅದನ್ನು ಬಿಟ್ಟು ಬೇರೆ ಯಾವುದರ ಕೈಯಲ್ಲೂ ಆಗದ ಕೆಲಸ ಇದು. ಹಾಗಾಗಿ ಉಪಕರಣವನ್ನು ಗೋಡೆಯ ಹಾಗೆ ಎದ್ದು ನಿಲ್ಲಿಸಿ ಕಾದರು. 1965ರಲ್ಲಿ ಅಡ್ಡ ಗೆರೆ ಸಿಕ್ಕಿತು. ವಿಶ್ವಕಿರಣ ಬಡಿದು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಲೋಕದಲ್ಲಿ ಮೊದಲು ಕಂಡವರಲ್ಲಿ ಇವರೂ ಸೇರಿದರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಒಂದು ತಂಡ ಕಂಡಿತು. ಅಂತರಿಕ್ಷದ ಸುದ್ದಿ ಕೇಳಲು ಮನುಷ್ಯ ಹೋಗಿ ಕೂತದ್ದು ಭೂಮಿಯ ಹೊಟ್ಟೆಯಲ್ಲಿ, ಇಲ್ಲೇ, ನಮ್ಮ ಪಕ್ಕದಲ್ಲಿ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದು ಆಮೇಲೆ. ಮೊದಲು ಗೊತ್ತಾದದ್ದು ನನ್ನ ಸೋದರಮಾವನಿಂದ. ಮಾವ ಅದೇ ಗಣಿಯಲ್ಲಿ ಕೆಲಸಕ್ಕಿದ್ದರು. ‘ಕೆಳಗೆ ಸೈನ್ಸ್‌ನೋರು ಕೂತವ್ರೆ, ಚಿನ್ನ ಬೇಕಾಗಿಲ್ಲ ಅವರಿಗೆ, ಏನೋ ಅಡ್ಡ ಬರುತ್ತಂತೆ, ಅದಕ್ಕೆ ಕಾಯ್ತವ್ರೆ’ ಅಂತ ನಗುತ್ತಿದ್ದರು. ಕೇಜ್ ಒಳಗೆ ನಿಂತು ಇಳಿಯುವಾಗ ಕಿವಿ ಗುಂಯ್ ಅನ್ನುತ್ತೆ, ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುತ್ತೆ ಅಂತ ನನಗೆ ಹೇಳುತ್ತಿದ್ದರು. ನಮ್ಮಜ್ಜಿಗೆ ಹೇಳುತ್ತಿದ್ದದ್ದು ಬೇರೆ. ಅಜ್ಜಿಗೆ ರಾಕ್ ಬರ್ಸ್ಟ್ ಅಂದರೆ ಪ್ರಾಣಭಯ. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳೆಲ್ಲ ಅಲ್ಲಾಡುತ್ತಿದ್ದವು. ಮಾವ ಊಟದ ಕ್ಯಾರಿಯರ್ ತೆಗೆದುಕೊಂಡು ಹೊರಡುವಾಗ ಅಜ್ಜಿ ದಿನಾ ಕೇಳುತ್ತಿದ್ದಳು: ‘ಇವತ್ತು ಎಲ್ಲಪ್ಪಾ ಕೆಲಸ?’ ಮಾವ ದಿನಾ ಹೇಳುತ್ತಿದ್ದರು: ‘ಮೇಲಿನ ಲೆವೆಲ್ಲೇ ಕಣಮ್ಮ.’ ಇಪ್ಪತ್ತಾರು ವರ್ಷ ಹಾಗೇ ಹೇಳಿದರು. ಆ ಇಪ್ಪತ್ತಾರು ವರ್ಷದಲ್ಲಿ ಅವರು ಮೇಲಿನ ಲೆವೆಲ್ಲಿನಲ್ಲಿ ಕೆಲಸ ಮಾಡಿದ್ದು ಎಷ್ಟು ದಿನವೋ, ಕೈಬೆರಳಲ್ಲಿ ಎಣಿಸಬಹುದು. ಅಜ್ಜಿಗೂ ಅದು ಗೊತ್ತಿತ್ತು ಅನ್ನುವುದು ನನ್ನ ಅನುಮಾನ.

ಮಾವನ ಮೂಗು ಮೊಂಡು ಮೂಗು. ಸಾಯುವ ತನಕ ಮೊಂಡಾಗಿಯೇ ಇತ್ತು.

ಸಿನಿಮಾದಲ್ಲಿ ನನಗೆ ಕಂಡ ಕೊರತೆ ಇದೇ. ತಿಮಿಂಗಿಲಕ್ಕೆ ರೆಕ್ಕೆ ಬಂದಿದೆ, ಅದು ಸರಿ. ಮೂಲದಲ್ಲಿ ಅದು ತಿಮಿಂಗಿಲವೂ ಅಲ್ಲ, ಶಾರ್ಕ್ ಜಾತಿಯ ಒಂದು ಪೆಡಂಭೂತ. ಬಾಲ ಬಿಟ್ಟು ಒಂದು ಕಿಲೋಮೀಟರಿಗಿಂತ ಉದ್ದ. ಅದಕ್ಕೆ ಗೂರಲು ಬೇರೆ. ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ, ಆದ್ದರಿಂದ ಬಾಯಿ ತೆರೆದುಕೊಂಡೇ ಮಲಗುತ್ತೆ. ಅಪ್ಪ ಮಗ ಇಬ್ಬರೂ ಅದರ ನಾಲಿಗೆಯ ಮೇಲೆ ಮೆಲ್ಲಗೆ ನಡೆದು ಹೊರಗೆ ಬರುತ್ತಾರೆ. ನಮ್ಮ ಭಾಗವತದಲ್ಲಿ ಅಘಾಸುರನ ಬಾಯೊಳಗೆ ಗೋಪಾಲರು ಗುಹೆ ಅಂತ ತಿಳಿದು ನಡೆದುಹೋದಾಗ ಕೃಷ್ಣ ಒಳಗೇ ಬೆಳೆದು ಅವನ ಉಸಿರು ಕಟ್ಟಿಸಬೇಕಾಯಿತು. ಕೊಲ್ಲೋಡಿಗೆ ದೇವರು ಬೇಕಾಗಲಿಲ್ಲ, ಗೂರಲು ಸಾಕಾಯಿತು. ಇದನ್ನು ಹೇಳಿದಾಗ ಒಬ್ಬ ‘ನಮ್ಮ ತಾತನ ತರ’ ಅಂದ. ಅಲ್ಲಿಂದಾಚೆಗೆ ಆ ರಾಕ್ಷಸ ಮೀನಿನ ಮೇಲೆ ಎಲ್ಲರಿಗೂ ಕನಿಕರ.

ನೀರು ಹೋಗಿ ಆಕಾಶ ಬರಲಿ, ಮೀನು ಹೋಗಿ ತಿಮಿಂಗಿಲ ಬರಲಿ, ಕಾಗಕ್ಕ ಗುಬ್ಬಕ್ಕನ ಕತೆಯನ್ನೂ ಗುರು ಗ್ರಹಕ್ಕೆ ಕಳಿಸಲಿ, ನನ್ನ ತಕರಾರಿಲ್ಲ. ಆದರೆ ಕತೆಯ ಮೂಟೆಯಲ್ಲಿ ಏನೇನು ಕಟ್ಟಿಕೊಂಡು ಹೋದರು ಅಂತ ನೋಡಬೇಕು. ಈ ಸಿನಿಮಾದವರು ಮೂಗು ತೆಗೆದುಕೊಂಡು ಹೋದರು, ಮೀನನ್ನು ತೆಗೆದುಕೊಂಡು ಹೋದರು. ಕೋಟನ್ನು ಭೂಮಿಯಲ್ಲೇ ಬಿಟ್ಟರು. ಆ ಹುಡುಗನ ಪ್ರಶ್ನೆ ಬಂದದ್ದು ಸಿನಿಮಾ ಓಡುವಾಗ ಅಲ್ಲ, ಕರೆಂಟು ಹೋದಾಗ. ಹುಡುಗ ಒಳ್ಳೆಯವನಾದರೆ ಬಹುಮಾನ, ಕೆಟ್ಟವನಾದರೆ ಮರ, ಇಷ್ಟೇ ಲೆಕ್ಕ ಇಟ್ಟುಕೊಂಡರೆ ಮಂಗಳಕ್ಕೆ ಯಾಕೆ ಹೋಗಬೇಕು, ಹೆಡ್‌ಮಾಸ್ಟರ ರೂಮಿಗೆ ಹೋದರೆ ಸಾಕು.

ನೀತಿ ಕೇಳಿದ ತಾಯಿಗೆ ಇಲ್ಲಿ ಒಂದು ಸಣ್ಣ ಸಂಗತಿ. ಮೂಲ ಕತೆಯಲ್ಲಿ ನೀತಿ ಹೇಳುವುದಕ್ಕೆ ಅಂತಲೇ ಒಂದು ಮಾತಾಡುವ ಜೀರುಂಡೆ ಇದೆ. ಆ ಮನೆಯಲ್ಲಿ ನೂರು ವರ್ಷದಿಂದ ಇರುವಂಥದ್ದು. ಅದು ಗೊಂಬೆಗೆ ಬುದ್ಧಿವಾದ ಹೇಳಲು ಶುರು ಮಾಡುತ್ತೆ. ಗೊಂಬೆ ಸುತ್ತಿಗೆ ಎತ್ತಿ ಬೀಸುತ್ತೆ. ಜೀರುಂಡೆ ಗೋಡೆಗೆ ಅಂಟಿಕೊಂಡು ಸತ್ತೇಹೋಗುತ್ತೆ. ಮೂವತ್ತೆರಡು ವರ್ಷ ನೀತಿ ಬೋಧಿಸಿದ ನಾನು ಇನ್ನೂ ಬದುಕಿದ್ದೇನೆ, ಅದು ನಿಮ್ಮ ಮಕ್ಕಳ ದೊಡ್ಡತನ.

ಇನ್ನು ಈ ಸಂಜೆಯ ನಾಟಕಕ್ಕೆ ಬರುತ್ತೇನೆ. ಸಿನಿಮಾ ಆದ ಮಾರನೇ ದಿನ ಮಕ್ಕಳಿಗೆ, ನೀವೂ ಒಂದು ಹಳೇ ಕತೆಯನ್ನು ಅಂತರಿಕ್ಷಕ್ಕೆ ಕಳಿಸಿ ನೋಡೋಣ, ಅಂದೆವು. ಜಗಳ ಎಲ್ಲ ಆಗಿ ಕೊನೆಗೆ ಗೋವಿನ ಹಾಡು ಗೆದ್ದಿತು. ಅದು ಯಾಕೆ ಗೆದ್ದಿತು ಅಂದರೆ, ಒಬ್ಬ ಹೇಳಿದ: ‘ಅಲ್ಲಿ ಗೊಂಬೆ ಬರೀ ಸುಳ್ಳು ಹೇಳುತ್ತೆ ಸಾರ್, ಇಲ್ಲಿ ಹಸು ಬರೀ ನಿಜ ಹೇಳುತ್ತೆ.’ ಅಷ್ಟೇ ಸಾಕಾಯಿತು. ಹುಲಿ ಇರುವುದು ಮಂಗಳದಲ್ಲಿ, ಕೊಟ್ಟಿಗೆ ಇರುವುದು ಬಂಗಾರಪೇಟೆಯಲ್ಲಿ. ಪುಣ್ಯಕೋಟಿ ಮಂಗಳಕ್ಕೆ ಮೇಯಲು ಹೋಗಿ ಸಿಕ್ಕಿಬೀಳುತ್ತಾಳೆ. ಒಂದು ಸಲ ಹೋಗಿ ಕರುವಿಗೆ ಹಾಲು ಕೊಟ್ಟು ಬಂದುಬಿಡುತ್ತೇನೆ ಅನ್ನುತ್ತಾಳೆ.

ಇಲ್ಲಿ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎದ್ದ. ಹೋಗಿ ಬರುವುದು ಅಂದರೆ ಎಷ್ಟು ದಿನ, ಲೆಕ್ಕ ಹಾಕೋಣ ಬನ್ನಿ ಅಂದೆ. ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಎರಡು ವೃತ್ತ ಹಾಕಿದೆವು, ಗೂಟಕ್ಕೆ ಹಗ್ಗ ಕಟ್ಟಿ. ನಡುವೆ ಸೂರ್ಯ, ಅಂದರೆ ಒಂದು ಕೊಡಪಾನ. ಒಳ ವೃತ್ತದಲ್ಲಿ ಭೂಮಿಯಾಗಿ ಒಬ್ಬ, ಹೊರ ವೃತ್ತದಲ್ಲಿ ಮಂಗಳವಾಗಿ ಒಬ್ಬಳು. ಭೂಮಿ 365 ದಿನಕ್ಕೆ ಒಂದು ಸುತ್ತು, ಮಂಗಳ 687 ದಿನಕ್ಕೆ. ತಮಟೆಯ ಏಟಿಗೆ ಸರಿಯಾಗಿ ಹೆಜ್ಜೆ. ಮೂರನೇ ಸಲ ಓಡುವಷ್ಟರಲ್ಲಿ ಅವರಿಗೇ ಹೊಳೆಯಿತು: ಮನಸ್ಸು ಬಂದಾಗ ಹಾರುವಂತಿಲ್ಲ. ಈಗ ಮಂಗಳ ಎಲ್ಲಿದೆಯೋ ಅಲ್ಲಿಗೆ ಗುರಿಯಿಟ್ಟರೆ, ತಲುಪುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ಎರಡೂ ಒಂದು ಲೆಕ್ಕಕ್ಕೆ ಬಂದು ನಿಲ್ಲಬೇಕು. ಹಾಗೆ ನಿಲ್ಲುವುದು ಸುಮಾರು 26 ತಿಂಗಳಿಗೆ ಒಂದು ಸಲ. ಕಡಿಮೆ ಇಂಧನದ ದಾರಿ ಹಿಡಿದರೆ ಪ್ರಯಾಣ ಎಂಟೂವರೆ ತಿಂಗಳು. ನಮ್ಮ ಮಂಗಳಯಾನಕ್ಕೆ ಅದಕ್ಕಿಂತಲೂ ಹೆಚ್ಚು ಹಿಡಿಯಿತು, 2013ರ ನವೆಂಬರ್ 5ಕ್ಕೆ ಶ್ರೀಹರಿಕೋಟಾದಿಂದ ಎದ್ದು 2014ರ ಸೆಪ್ಟೆಂಬರ್ 24ಕ್ಕೆ ಅಲ್ಲಿ ಸೇರಿದ್ದು.

ಈಗ ಹಸುವಿನ ಲೆಕ್ಕ. ಮಂಗಳದಿಂದ ಇಲ್ಲಿಗೆ ಎಂಟೂವರೆ ತಿಂಗಳು. ಇಲ್ಲಿ ಬಂದ ಮೇಲೆ ವಾಪಸು ಹೊರಡುವ ಮುಹೂರ್ತಕ್ಕೆ ಹದಿನೈದು ತಿಂಗಳು ಕಾಯಬೇಕು. ಮತ್ತೆ ಎಂಟೂವರೆ ತಿಂಗಳು ಹೋಗಲು. ಒಟ್ಟು ಸುಮಾರು ಎರಡು ವರ್ಷ ಎಂಟು ತಿಂಗಳು. ಹುಲಿ ಅಲ್ಲಿವರೆಗೆ ಉಪವಾಸ.

ಆಮೇಲೆ ಏನಾಯಿತು ಅಂದರೆ, ಕತೆ ನನ್ನ ಕೈ ತಪ್ಪಿತು. ಮನೆಯಲ್ಲಿ ಸೀಮೆಹಸು ಇರುವ ಹುಡುಗ ಎದ್ದು ನಿಂತ. ‘ಸಾರ್, ಅವಳು ಬರೋ ತನಕ ಕರು ಯಾರ ಹಾಲು ಕುಡಿಯುತ್ತೆ?’ ಹಿಂದಿನಿಂದ ಯಾರೋ ‘ಡೈರಿ ಹಾಲು’ ಅಂದರು, ಎಲ್ಲ ನಕ್ಕರು. ಅವನು ನಗಲಿಲ್ಲ. ‘ಬದುಕಿದ್ದರೂ ಅಷ್ಟೊತ್ತಿಗೆ ಹುಲ್ಲು ತಿನ್ನುತ್ತಿರುತ್ತೆ. ಇನ್ನೂ ಹದಿನೈದು ತಿಂಗಳು ಅಂದ್ರೆ ಕಡಸಾಗಿರುತ್ತೆ. ಅದಕ್ಕೆ ಹಾಲು ಬೇಕಾಗಿಲ್ಲ. ಅಮ್ಮ ಬೇಕು ಅಷ್ಟೇ.’ ಹಾಡಿನಲ್ಲಿ ಪುಣ್ಯಕೋಟಿಗೆ ಕರುವಿನ ಜೊತೆ ಸಿಗುವುದು ಒಂದು ಗಳಿಗೆ. ಗ್ರಹಗಳ ಲೆಕ್ಕ ಅವಳಿಗೆ ಹದಿನೈದು ತಿಂಗಳು ಕೊಟ್ಟಿತು. ಆ ಹದಿನೈದು ತಿಂಗಳೂ ಅವಳಿಗೆ ಗೊತ್ತು, ಯಾವ ದಿನ ಹೊರಡಬೇಕು ಅಂತ. ಕರುವಿಗೆ ಯಾವಾಗ ಹೇಳಬೇಕು? ಬಂದ ದಿನವೇ ಹೇಳುವುದೋ, ಹೊರಡುವ ಹಿಂದಿನ ರಾತ್ರಿಯೋ?

ಇದರ ಮೇಲೆ ಎರಡು ದಿನ ಜಗಳವಾಡಿದ್ದಾರೆ. ರಾಕೆಟ್ ಹೇಗೆ ಮಾಡುವುದು ಅನ್ನುವುದಕ್ಕೆ ಹತ್ತು ನಿಮಿಷ ಖರ್ಚಾಗಲಿಲ್ಲ. ತಗಡಿನ ಡ್ರಮ್ಮು, ಬೆಳ್ಳಿ ಕಾಗದ, ಮುಗಿಯಿತು.

ಎರಡನೇ ದಿನ ಒಬ್ಬ ಹುಡುಗಿ ಮಾತಾಡಿದಳು. ಶಿಬಿರದಲ್ಲಿ ಅಲ್ಲಿಯತನಕ ಬಾಯೇ ಬಿಟ್ಟಿರಲಿಲ್ಲ. ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಹತ್ತಿ ಅವಳ ಅಮ್ಮ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಇಲ್ಲಿ ಕೂತಿರುವ ಎಷ್ಟೋ ಜನ ಅದೇ ರೈಲಿನವರೇ. ಅವಳು ಕೇಳಿದ್ದು ಇಷ್ಟು: ‘ಸಾರ್, ಹಸು ಕರುಗೆ ಹುಲಿ ವಿಷಯ ಯಾಕೆ ಹೇಳಬೇಕು? ಕೆಲಸಕ್ಕೆ ಹೋಗಿ ಬರ್ತೀನಿ ಅಂದ್ರೆ ಆಗಲ್ವಾ?’

ಕರೆಂಟು ಹೋದಾಗ ಮೂಗಿನ ಪ್ರಶ್ನೆ ಕೇಳಿದ್ದ ಹುಡುಗ ಅಲ್ಲೇ ಇದ್ದ. ‘ಹಂಗಂದ್ರೆ ಅದು ಕೋಟು’ ಅಂದ.

ಅಲ್ಲಿಂದ ಮಕ್ಕಳ ನಡುವೆ ಅದೊಂದು ಮಾತಾಗಿಹೋಗಿದೆ. ನೀವು ಮನೆಯಲ್ಲಿ ‘ಇದು ಕೋಟು’, ‘ಅದು ಮೂಗು’ ಅಂತ ಅವರು ಮಾತಾಡುವುದನ್ನು ಕೇಳಿರಬಹುದು. ನನಗೆ ಹೊಟ್ಟೆ ತುಂಬಿದೆ, ನೀನು ತಿನ್ನು ಅಂತ ತಟ್ಟೆ ಸರಿಸಿದರೆ ಅದು ಕೋಟು. ಹೋಮ್‌ವರ್ಕ್ ಮಾಡಿ ಮನೆಯಲ್ಲಿ ಬಿಟ್ಟು ಬಂದೆ ಸಾರ್ ಅಂದರೆ ಅದು ಮೂಗು. ಎಚ್ಚರ, ಇನ್ನು ಮುಂದೆ ನಿಮ್ಮದನ್ನೂ ವಿಂಗಡಿಸುತ್ತಾರೆ. ನೆನ್ನೆ ನನ್ನದನ್ನೇ ವಿಂಗಡಿಸಿದರು. ‘ನಿಮ್ಮ ನಾಟಕ ತುಂಬಾ ಚೆನ್ನಾಗಿ ಬಂದಿದೆ’ ಅಂದೆ. ಇಬ್ಬರು ಮುಖ ಮುಖ ನೋಡಿಕೊಂಡು ‘ಕೋಟು’ ಅಂದರು.

ಮತ್ತೆ ಪುಣ್ಯಕೋಟಿ ಕರುವಿಗೆ ನಿಜ ಹೇಳುತ್ತಾಳೋ, ಕೋಟು ಮಾರುತ್ತಾಳೋ ಅಂತ ನನ್ನನ್ನು ಕೇಳಬೇಡಿ. ರಿಹರ್ಸಲ್ಲಿನಲ್ಲಿ ಮೂರು ಸಲ ಬದಲಾಯಿಸಿದ್ದಾರೆ. ಈ ಮಧ್ಯಾಹ್ನ ಪುನಃ ಬದಲಾಯಿಸಿ, ನನ್ನನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡರು. ಹುಲಿಯ ಕತೆ ಏನು ಅನ್ನುವುದೂ ನನಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ಬಣ್ಣ ಕೆಡುತ್ತೆ ಅಂತ ಆ ಹುಡುಗ ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಈಗ ನಾನು ಬರುವಾಗ, ಹಸಿವಾಗ್ತಿದೆಯೇನೋ ಅಂತ ಕೇಳಿದೆ. ‘ಇಲ್ಲ ಸಾರ್, ಹೊಟ್ಟೆ ತುಂಬಿದೆ’ ಅಂದ. ಹೊರಗೆ ಪಾನಿಪುರಿ ಗಾಡಿಯವರನ್ನು ನಿಲ್ಲಿಸಿದ್ದೇನೆ, ನಾಟಕ ಮುಗಿದ ತಕ್ಷಣ ಮೊದಲ ಪ್ಲೇಟು ಹುಲಿಗೆ. ಲೈಟು ಆರಿಸಿ, ಪರದೆ ಎಳೆಯಿರಪ್ಪ.